ಐವತ್ತು ಮೀಟರು

ವಾಪೂಸ್ ಸರೋವರಕ್ಕೆ ನ್ಯಾಯ ವಿಮಾನದಲ್ಲಿ ಬರುತ್ತದೆ. ಮೊದಲು ಸದ್ದು, ಆಮೇಲೆ ಧೂಳು, ಆಮೇಲೆ ಕೋಟುಗಳು. ಬಡಗಣ ಕಾಡಿನ ಈ ಊರಿಗೆ ಬೇರೆ ದಾರಿಯಿಲ್ಲ. ತಿಂಗಳಿಗೊಮ್ಮೆ, ಮಂಜು ಮುಸುಕದಿದ್ದರೆ, ಗಾಳಿ ಏಳದಿದ್ದರೆ, ಪೈಲಟ್ಟಿನ ಮನಸ್ಸು ನೆಟ್ಟಗಿದ್ದರೆ. ಜಡ್ಜು, ಸರ್ಕಾರಿ ವಕೀಲ, ಬಡವರ ವಕೀಲ, ಗುಮಾಸ್ತೆ, ಎಲ್ಲರೂ ಒಂದೇ ವಿಮಾನದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಬರುತ್ತಾರೆ. ದಾರಿಯಲ್ಲಿ ಒಂದೇ ಡಬ್ಬಿಗೆ ಕೈಹಾಕಿ ಬಿಸ್ಕತ್ತು ತಿನ್ನುತ್ತಾರೆ. ಇಳಿದ ಮೇಲೆ ಬೇರೆ ಬೇರೆ ಮೇಜಿಗೆ ಕೂತು, ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಮಾತಾಡುತ್ತಾರೆ.

ಕೋರ್ಟಿಗೆ ಕಟ್ಟಡ ಇಲ್ಲ. ಶಾಲೆಯ ಆಟದ ಹಾಲೇ ಕೋರ್ಟು. ಆವತ್ತು ಮಕ್ಕಳು ಚೆಂಡು ಮುಟ್ಟುವ ಹಾಗಿಲ್ಲ. ಒಂದು ಬಾಸ್ಕೆಟ್ ಬಳೆಯ ಕೆಳಗೆ ಜಡ್ಜಿನ ಮೇಜು, ಹಿಂದೆ ಕೋಲಿಗೆ ಸಿಕ್ಕಿಸಿದ ಬಾವುಟ. ಬೆವರಿನ ವಾಸನೆ ಮಾತ್ರ ಎಂದಿನದೇ.

ಜೆಮೈಮಾ ಮೊನಾಯಸ್ ಬೆಳಗಿನಿಂದ ಬಾಗಿಲ ಹತ್ತಿರದ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು. ಅವಳ ಅಕ್ಕ ಡೋರ್ಕಸ್ ಹಾಲಿನ ಆ ತುದಿಯಲ್ಲಿ, ಏಣಿ ಹಗ್ಗಗಳನ್ನು ನೇತುಹಾಕಿದ್ದ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನಡುವೆ ಆಟದ ಗೆರೆಗಳು. ಇಬ್ಬರೂ ಮಾತಾಡುವ ಹಾಗಿರಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಆಣತಿ ಹೀಗಿತ್ತು: ಜೆಮೈಮಾ ತನ್ನ ಅಕ್ಕನಿಂದ ಐವತ್ತು ಮೀಟರು ದೂರ ಇರಬೇಕು. ಮಾತಾಡಬಾರದು. ಯಾರ ಕೈಲೂ ಹೇಳಿ ಕಳಿಸಬಾರದು. ಆ ಹಾಲಿಗೆ ಐವತ್ತು ಮೀಟರು ಉದ್ದ ಎಲ್ಲಿಂದ ಬರಬೇಕು? ಜೆಮೈಮಾ ಪೊಲೀಸ್ ಹುಡುಗನನ್ನು ಕೇಳಿದ್ದಳು. ಕೋರ್ಟಿನೊಳಗೆ ನಡೆಯುತ್ತಮ್ಮ, ಮಾತಾಡದಿದ್ದರೆ ಆಯ್ತು ಅಂದ. ಹಾಗಾದರೆ ಚರ್ಚಿನೊಳಗೆ ಯಾಕೆ ನಡೆಯೋದಿಲ್ಲ ಅಂದಳು. ಅವನು ಬೂಟು ನೋಡಿಕೊಂಡ.

ಆದದ್ದು ಇಷ್ಟು. ಕಳೆದ ಶರತ್ಕಾಲದಲ್ಲಿ ಜೆಮೈಮಾ ಒಂದು ಮೂಸ್ ತೊಗಲು ಹದ ಮಾಡಿದಳು. ಮೂಸ್ ಅಂದರೆ ಕುದುರೆಗಿಂತ ಎತ್ತರದ ಪ್ರಾಣಿ. ಅದರ ಹಸಿ ತೊಗಲನ್ನು ನೀರಿನಿಂದ ಎತ್ತಿದರೆ ಹೆಣ ಎತ್ತಿದ ಹಾಗೆ. ಅದನ್ನು ಮರದ ಚೌಕಟ್ಟಿಗೆ ಬಿಗಿದು, ಮೂಸಿನ ಕಾಲೆಲುಬಿನಿಂದಲೇ ಮಾಡಿದ ಹೆರೆಯುವ ಹತಾರದಿಂದ ಮಾಂಸ ಹೆರೆಯಬೇಕು. ಕೂದಲು ಹೆರೆಯಬೇಕು. ಅದರದೇ ಮಿದುಳು ತಿಕ್ಕಿ ನೆನೆಹಾಕಬೇಕು. ಆಮೇಲೆ ಕೋಲಿಗೆ ಸುತ್ತಿ ಹಿಂಡಬೇಕು, ಒಂದು ತುದಿ ಒಬ್ಬಳು, ಇನ್ನೊಂದು ತುದಿ ಇನ್ನೊಬ್ಬಳು. ಹೆಗಲು ಕಿತ್ತು ಬರುತ್ತದೆ. ಉಗುರಿನ ಬುಡದಲ್ಲಿ ರಕ್ತ ಬರುತ್ತದೆ. ಅಮ್ಮ ಸತ್ತಾಗಿನಿಂದ ಅಕ್ಕ ತಂಗಿ ಹೀಗೇ ಹಿಂಡಿದವರು. ಹಿಂಡುತ್ತಾ ಅಮ್ಮ ಕಲಿಸಿದ ಕೀರ್ತನೆ ಹೇಳುವರು. ಒಂದು ಸಾಲು ಇವಳು, ಒಂದು ಸಾಲು ಅವಳು.

ಕೊನೆಗೆ ಹೊಗೆ. ಕೊಳೆತು ಹಗುರಾದ ಸ್ಪ್ರೂಸ್ ಕಟ್ಟಿಗೆ ಹೊಗೆಯಾಡಬೇಕು, ಉರಿಯಬಾರದು. ಕಾಯಲು ಡೋರ್ಕಸ್ ಕೂತಿದ್ದಳು. ಚಹಾಕ್ಕೆ ಒಳಗೆ ಹೋದಳು. ಉರಿ ಎದ್ದಿತು. ವಾರಗಟ್ಟಲೆ ಹೆರೆದ ತೊಗಲಿನ ನಡುವೆ ಕರ್ರಗಿನ ತೂತು. ಜೆಮೈಮಾ ಅಕ್ಕನ ಸೋಮಾರಿತನ, ಚಹಾ, ಸೊಂಟ ಎಲ್ಲಕ್ಕೂ ಬೈದು ಕೈಯಲ್ಲಿದ್ದ ಹೆರೆಯುವ ಎಲುಬನ್ನು ಉರಿಯುವ ತೊಗಲಿನತ್ತ ಬೀಸಿ ಒಗೆದಳು. ಅದು ಕಂಬಕ್ಕೆ ಬಡಿದು ಪುಟಿದು ಡೋರ್ಕಸ್‌ಳ ಹುಬ್ಬು ಹರಿಯಿತು.

ಜೆಮೈಮಾಳೇ ತನ್ನ ತಲೆವಸ್ತ್ರ ಒತ್ತಿ ಹಿಡಿದು ದವಾಖಾನೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಇಬ್ಬರೂ ಜಗಳಾಡಿದರು, ಅರ್ಧದಾರಿಯಲ್ಲಿ ನಗಲು ಶುರು ಮಾಡಿದರು. ತೆಂಕಣದಿಂದ ಹೊಸದಾಗಿ ಬಂದಿದ್ದ ನರ್ಸು ಹೊಲಿಗೆ ಹಾಕುತ್ತಾ ಏನಾಯಿತೆಂದು ಕೇಳಿದಳು. ಡೋರ್ಕಸ್‌ಗೆ ಇಂಗ್ಲಿಷ್ ಬರುವುದು ನಾಲ್ಕು ಮಾತು. ಆ ನಾಲ್ಕನ್ನೂ ತಂಗಿಯನ್ನು ಕೆಣಕಲು ಖರ್ಚು ಮಾಡಿದಳು: ಇವಳು ನನ್ನ ಕೊಲ್ಲಲಿಕ್ಕೆ ನೋಡ್ತಾಳೆ, ಚಿಕ್ಕಂದಿನಿಂದ ಹೀಗೇ.

ವಾಪೂಸಿನಲ್ಲಿ ಯಾರೇ ಆಗಿದ್ದರೂ ನಗುತ್ತಿದ್ದರು. ಇಲ್ಲಿಯ ಜನ ಪ್ರೀತಿ ಇದ್ದವರನ್ನು ಹೀಗೇ ಆಡಿಕೊಳ್ಳುವುದು; ಒಳ್ಳೆಯ ಮಾತಾಡಿದರೆ ಏನೋ ಮನಸ್ತಾಪ ಆಗಿದೆ ಅಂತ ತಿಳಿಯುತ್ತಾರೆ. ನರ್ಸು ನಗಲಿಲ್ಲ. ಫೋನು ಎತ್ತಿದಳು. ಸಂಜೆಗೆ ಪೊಲೀಸಿನವನು ಬಂದು ಆ ಎಲುಬನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡ. ಆಯುಧದಿಂದ ಹಲ್ಲೆ. ಡೋರ್ಕಸ್ ಅದು ತಮಾಷೆ ಅಂದಳು. ಹೊಡೆತ ತಿಂದ ಹೆಂಗಸರು ಹಾಗೇ ಅನ್ನೋದು ಅಂತ ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಮೊಕದ್ದಮೆ ಮುಗಿಯುವವರೆಗೆ ಐವತ್ತು ಮೀಟರು ಅಂತ ಕೋರ್ಟು ಫೋನಿನಲ್ಲೇ ಆಣತಿ ಮಾಡಿತು. ಇಬ್ಬರದೂ ಅಕ್ಕಪಕ್ಕದ ಮನೆ. ಜೆಮೈಮಾ ತನ್ನ ಮನೆ ಬಿಟ್ಟು ಊರಾಚೆ ತುದಿಯಲ್ಲಿ ಅಣ್ಣನ ಮಗನ ಮನೆಯಲ್ಲಿ ಚಾಪೆ ಹಾಸಿದಳು. ಊರಿಗೆ ಒಂದೇ ರಸ್ತೆ, ಒಂದೇ ಅಂಗಡಿ, ಒಂದೇ ಚರ್ಚು. ಬೆಳಿಗ್ಗೆ ಅಂಗಡಿಗೆ ಅಕ್ಕ, ಸಂಜೆ ತಂಗಿ. ಭಾನುವಾರ ಬೆಳಗಿನ ಆರಾಧನೆಗೆ ಅಕ್ಕ, ಸಂಜೆಯದಕ್ಕೆ ತಂಗಿ. ಒಂದೇ ಕೀರ್ತನೆಯನ್ನು ದೇವರು ಎರಡು ಸಲ ಅರ್ಧರ್ಧ ಕೇಳಬೇಕಾಯಿತು. ಚಳಿಗಾಲದಲ್ಲಿ ಇನ್ನೊಂದು ತೊಗಲು ಸಿಕ್ಕಿತು. ಜೆಮೈಮಾ ಒಂದು ತುದಿಯನ್ನು ಮರಕ್ಕೆ ಕಟ್ಟಿ ಒಬ್ಬಳೇ ಹಿಂಡಿದಳು. ಮರ ಸಾಲು ಹೇಳುವುದಿಲ್ಲ. ತೊಗಲು ಬಿರುಸಾಯಿತು, ನಾಯಿಗೆ ಹಾಸಿದಳು.

ಕೋರ್ಟು ಮೊದಲ ಸಲ ಬರಲೇ ಇಲ್ಲ, ಮಂಜು. ಆಮೇಲೆ ಬಂತು, ಫೈಲು ಬರಲಿಲ್ಲ. ಆಮೇಲೆ ಫೈಲು ಬಂತು, ವಕೀಲ ಬರಲಿಲ್ಲ. ಆಮೇಲೆ ಎಲ್ಲರೂ ಬಂದರು, ಹೊತ್ತು ಇರಲಿಲ್ಲ. ಹೀಗೆ ಹಿಮ ಬಿದ್ದು, ಸರೋವರ ಗಟ್ಟಿಯಾಗಿ, ಬಾತುಗಳು ತಿರುಗಿ ಬಂದವು. ಅಷ್ಟರಲ್ಲಿ ಡೋರ್ಕಸ್‌ಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು.

ನಾಳೆ ಬೆಳಿಗ್ಗೆ ಡೋರ್ಕಸ್ ತೆಂಕಣದ ದೊಡ್ಡಾಸ್ಪತ್ರೆಗೆ ಹಾರಬೇಕು. ಜೊತೆಗೆ ಒಬ್ಬರು ಹೋಗಬಹುದು. ತಂಗಿ ಬರಲಿ ಅಂದಳು. ತಂಗಿಗೆ ಐವತ್ತು ಮೀಟರಿದೆಯಲ್ಲ ಅಂದಳು ನರ್ಸು. ಅಲ್ಲಿ ನಿಮ್ಮ ಕ್ರೀ ಭಾಷೆ ಬಲ್ಲವರು ಫೋನಿನಲ್ಲಿ ಸಿಗ್ತಾರೆ, ಹೆದರಬೇಡಿ ಅಂದಳು.

"ಫೋನಿನ ಕೈ ಹಿಡ್ಕೊಂಡು ಹೊಟ್ಟೆ ಕೊಯ್ಸಿಕೊಳ್ಳಲಿಕ್ಕೆ ನಾನು ಒಲ್ಲೆ" ಅಂದಳು ಡೋರ್ಕಸ್. "ಜೆಮ್ಮಿ ಬರದಿದ್ರೆ ನಾನು ವಿಮಾನ ಹತ್ತಲ್ಲ." ಅವಳು ಒಲ್ಲೆ ಅಂದರೆ ಒಲ್ಲೆ. ಇದು ಜೆಮೈಮಾಳಿಗೆ ಊರಿನವರ ಬಾಯಿಂದ ತಿಳಿಯಿತು, ನೇರ ತಿಳಿಯುವ ಹಾಗಿರಲಿಲ್ಲವಲ್ಲ. ಊರಿನ ಕಚೇರಿಯಿಂದ ವಕೀಲರ ಆಫೀಸಿಗೆ ಫೋನು ಮಾಡಿದಳು. ಯಂತ್ರ ಮಾತಾಡಿತು. ನಿಮ್ಮ ಕರೆ ನಮಗೆ ಮುಖ್ಯ ಅಂದಿತು.

ಇವತ್ತೇ ಆಗಬೇಕು. ಇವತ್ತು ಆಗದಿದ್ದರೆ ಅಕ್ಕ ಇಲ್ಲೇ ಉಳಿಯುತ್ತಾಳೆ, ಗಡ್ಡೆ ಬೆಳೆಯುತ್ತದೆ.

ಇವತ್ತಿಗೆ ಒಂದು ವಿಶೇಷವೂ ಇತ್ತು. ಎಂಟನೇ ತರಗತಿಗೆ ಪಾಠ: ದೇಶದ ನ್ಯಾಯಾಲಯಗಳು ಹೇಗೆ ಕೆಲಸ ಮಾಡುತ್ತವೆ. ಮಾಸ್ತರು ಪ್ರೂಯಿಟ್ ಮಕ್ಕಳನ್ನು ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ, ಜಡ್ಜು ಸಾಹೇಬರು ಎರಡು ಮಾತು ಹೇಳಬೇಕೆಂದು ಕೇಳಿಕೊಂಡರು. ಜಡ್ಜು ಒಳ್ಳೆಯ ಮನುಷ್ಯ. ಬೆಳ್ಳನೆಯ ಹುಬ್ಬು, ತಾತನ ದನಿ. ಆರೋಪಿಗಳೂ ಸಾಕ್ಷಿಗಳೂ ಕಾದು ಕೂತಿರುವಾಗ ಎದ್ದು ಬಂದು ಮಕ್ಕಳ ಮುಂದೆ ನಿಂತ.

ಮಾಸ್ತರು ಗೋಡೆಗೆ ಒಂದು ಚಿತ್ರ ಅಂಟಿಸಿದ್ದರು, ಏಣಿಯದು. ಅಡಿಯ ಮೆಟ್ಟಿಲು ಇದೇ ಕೋರ್ಟು, ನಿಮ್ಮ ಬಾಗಿಲಿಗೆ ಬರುವುದು ಅಂದ ಜಡ್ಜು. ಅದರ ಮೇಲೆ ರಾಜನ ಹೆಸರಿನ ಕೋರ್ಟು, ದೊಡ್ಡ ಮೊಕದ್ದಮೆಗಳಿಗೆ. ಅದರ ಮೇಲೆ ಮೇಲ್ಮನವಿಯ ಕೋರ್ಟು, ಕೆಳಗಿನವರು ತಪ್ಪಿದರೆ ತಿದ್ದಲು. ಎಲ್ಲಕ್ಕೂ ಮೇಲೆ ರಾಜಧಾನಿಯಲ್ಲಿ ಒಂಬತ್ತು ಮಂದಿ, ಅವರ ಮಾತೇ ಕೊನೆ. ಅತಿ ಬಡವನೂ ಈ ಏಣಿ ಹತ್ತಬಹುದು ಮಕ್ಕಳೇ ಅಂದ. ಜಡ್ಜನ್ನು ಯಾರೂ ಹೆದರಿಸುವಂತಿಲ್ಲ, ಮಂತ್ರಿಯೂ ಸಹ. ಪ್ರತಿಯೊಬ್ಬರೂ ತಪ್ಪು ಸಾಬೀತಾಗುವವರೆಗೆ ನಿರಪರಾಧಿ.

ಜೆಮೈಮಾ ಕೇಳಿಸಿಕೊಂಡಳು. ಪಕ್ಕದಲ್ಲಿ ಹ್ಯಾರಿಯೆಟ್ ಪಿಸುಮಾತಿನಲ್ಲಿ ಕ್ರೀ ಭಾಷೆಗೆ ತರುತ್ತಿದ್ದಳು. ಹ್ಯಾರಿಯೆಟ್ ಅವಳ ಅಣ್ಣನ ಮಗಳೇ, ಕೋರ್ಟಿನ ದುಭಾಷಿ. ಜೆಮೈಮಾ ಬಾಯಿಪಾಠದ ನಡುವೆ ಬೆಳೆದವಳು. ಅರ್ಥವನ್ನು ಹೊತ್ತು ಹೇಳುವ ಬಾಯಿ ಯಾವುದು, ಬರಿದೇ ಹೇಳುವ ಬಾಯಿ ಯಾವುದು ಅಂತ ಅವಳಿಗೆ ತಿಳಿಯುತ್ತಿತ್ತು. ಈ ಮನುಷ್ಯ ಎಷ್ಟು ಊರುಗಳಲ್ಲಿ ಇದನ್ನೇ ಹೇಳಿದ್ದಾನೋ. ನಿರಪರಾಧಿಯಂತೆ. ನಿರಪರಾಧಿ ಮನೆ ಬಿಟ್ಟು ಇನ್ನೊಬ್ಬರ ನೆಲದ ಮೇಲೆ ಚಳಿಗಾಲ ಕಳೆದಳು. ಅಪರಾಧಿಯಾಗಿದ್ದರೆ ಇನ್ನೇನು ಮಾಡುತ್ತಿದ್ದರು?

ಬೆಂಚಿನಿಂದ ಟೆಸ್ಸಾ ಅನ್ನುವ ಹುಡುಗಿ ಕೈ ಎತ್ತಿದಳು. ಮೇಲಿನ ಕೋರ್ಟುಗಳೂ ಇಲ್ಲಿಗೆ ಬರ್ತಾವಾ ಸಾರ್ ಅಂತ ಕೇಳಿದಳು. ಇಲ್ಲಮ್ಮ, ನೀವೇ ಅಲ್ಲಿಗೆ ಹೋಗಬೇಕು ಅಂದ ಜಡ್ಜು. ಹೇಗೆ ಸಾರ್? ಊರಿನವರು ನಕ್ಕರು. ಜಡ್ಜೂ ನಕ್ಕ. ಒಳ್ಳೆಯ ಪ್ರಶ್ನೆ ಅಂದ.

ಪಾಠ ಮುಗಿಯುವ ಹೊತ್ತಿಗೆ ಬಡವರ ವಕೀಲ ಜೆಮೈಮಾಳನ್ನು ಚೆಂಡಿನ ಕೋಣೆಗೆ ಕರೆಸಿದ. ಅವನ ಕಚೇರಿ ಅದೇ. ಸುತ್ತ ಹಾಕಿ ಕೋಲು, ಗಾಳಿ ಹೋದ ಚೆಂಡುಗಳು. ಅವನು ಒಂದು ಚೆಂಡಿನ ಬುಟ್ಟಿಯನ್ನು ಮಗುಚಿ ಕೂತಿದ್ದ, ಅವಳಿಗೆ ಕೂರಲು ಏನೂ ಇರಲಿಲ್ಲ. ನೀವು ಸ್ನೋಮೊಬೈಲ್ ಗಾಡಿ ಕದ್ದವರಲ್ವಾ ಅಂತ ಶುರು ಮಾಡಿದ. ಅಲ್ಲ ಅಂದಳು ಹ್ಯಾರಿಯೆಟ್. ಫೈಲು ಬದಲಾಯಿಸಿದ. ಓದಿದ. ಓದುತ್ತಾ ತಲೆಯಾಡಿಸಿದ. ವಿಚಾರಣೆ ಕೇಳಿದರೆ ಮುಂದಿನ ವರ್ಷ ಆಗುತ್ತದೆ ಅಂದ. ತಪ್ಪಾಯಿತು ಅಂದುಬಿಟ್ಟರೆ ಇವತ್ತೇ ಮುಗಿಯುತ್ತದೆ, ಅಕ್ಕನ ಜೊತೆ ಹೋಗಬಹುದು.

ಏನು ತಪ್ಪಾಯಿತು ಅನ್ನಬೇಕು ಅಂತ ಕೇಳಿದಳು ಜೆಮೈಮಾ.

ಅಕ್ಕನಿಗೆ ನೋವು ಮಾಡಬೇಕಂತಲೇ ಒಗೆದೆ ಅಂತ.

"ತೊಗಲಿಗೆ ಒಗೆದಿದ್ದು" ಅಂದಳು.

"ಚಿಕ್ಕತ್ತೆ" ಅಂದಳು ಹ್ಯಾರಿಯೆಟ್ ಮೆಲ್ಲಗೆ, "ಇವನಿಗೆ ತೊಗಲು ಬೇಕಿಲ್ಲ. ಹೂಂ ಅಂತೀಯೋ ಇಲ್ವೋ ಅಷ್ಟೇ ಬೇಕು."

ಜೆಮೈಮಾ ಹಾಕಿ ಕೋಲುಗಳನ್ನು ನೋಡುತ್ತಾ ನಿಂತಳು. ದೇವರ ಮುಂದೆ ಸುಳ್ಳು ಸಾಕ್ಷಿ ಹೇಳಬಾರದೆಂದು ಅಮ್ಮ ಕಲಿಸಿದ್ದಳು. ಆದರೆ ಈ ಬುಟ್ಟಿಯ ಮೇಲಿನ ಹುಡುಗ ದೇವರಲ್ಲ. ಆ ಬಿಳಿ ಹುಬ್ಬಿನ ತಾತನೂ ಅಲ್ಲ. ಇವರ ಮುಂದೆ ಹೇಳಿದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ. ದಾರಿಗಡ್ಡ ಬಿದ್ದ ಮರಕ್ಕೆ ಒದ್ದ ಹಾಗೆ. ಆದರೂ ಹೇಳಬೇಕಾದ್ದು ಇದು: ಅಕ್ಕನನ್ನು ನೋಯಿಸಬೇಕೆಂದಿದ್ದೆ. ಈ ಮಾತನ್ನು ಇಡೀ ಊರಿನೆದುರು, ಮಕ್ಕಳೆದುರು, ಅಕ್ಕನೆದುರು ಹೇಳಬೇಕು.

ಹೂಂ ಅಂದಳು. ವಕೀಲ ಒಳ್ಳೆಯ ನಿರ್ಧಾರ ಅಂತ ಅವಳ ಹೆಗಲು ತಟ್ಟಿದ. ಆ ಹೆಗಲನ್ನು ಅವಳು ಆಮೇಲೆ ಒರೆಸಿಕೊಂಡಳು.

ಊಟಕ್ಕೆ ಕೋರ್ಟು ಎದ್ದಿತು. ಊರ ಹೆಂಗಸರು ಮೀನಿನ ಸಾರು, ಬಾಣಲೆ ರೊಟ್ಟಿ ತಂದಿಟ್ಟರು. ಜಡ್ಜು, ವಕೀಲರು ಮೂವರೂ ಒಂದೇ ಮೇಜಿಗೆ ಕೂತು ರೊಟ್ಟಿ ಚೆನ್ನಾಗಿದೆ ಅಂದರು. ಎರಡನೇ ಸಲ ಹಾಕಿಸಿಕೊಂಡರು. ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡರು. ಜೆಮೈಮಾ ಉಣ್ಣಲಿಲ್ಲ. ಆ ತುದಿಯಲ್ಲಿ ಡೋರ್ಕಸ್ ಒಂದು ತುಂಡು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಊಟದ ಮೇಲೆ ಹೆಸರುಗಳನ್ನು ಕೂಗಿದರು. ಒಬ್ಬೊಬ್ಬರು ಎದ್ದು ನಿಂತರು, ತಲೆ ಬಗ್ಗಿಸಿದರು, ತಪ್ಪಾಯ್ತು ಅಂದರು, ಕೂತರು. ತೊಗಲಿನಿಂದ ಕೂದಲು ಹೆರೆದ ಹಾಗೆ. ಕೆಲವರಿಗೆ ವಾಯಿದೆ. ಕೆಲವರಿಗೆ ಯಾಕೆ ಬಂದೆವೆಂದೇ ತಿಳಿಯಲಿಲ್ಲ.

ಜೆಮೈಮಾ ಮೊನಾಯಸ್ ಅಂತ ಗುಮಾಸ್ತೆ ಕೂಗುವಾಗ ಪೈಲಟ್ಟು ಬಾಗಿಲಲ್ಲಿ ನಿಂತಿದ್ದ. ಜೆಮೈಮಾ ಎದ್ದಳು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅಮ್ಮನ ಕಾಲದ ಎಲುಬು ಕಂಡಿತು, ಕೊರಳಿಗೆ ಚೀಟಿ ಕಟ್ಟಿಸಿಕೊಂಡು. ಅವಳು ಮುಂದೆ ಬಂದು, ಎರಡೂ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಹೇಳಬೇಕಾದ್ದನ್ನು ಬಾಯಿಗೆ ತಂದುಕೊಂಡಳು.

ಪೈಲಟ್ಟು ಕೈಗಡಿಯಾರ ತಟ್ಟಿದ. ಸರೋವರದ ಮೇಲೆ ಮಂಜು ಏಳ್ತಿದೆ ಅಂದ. ಈಗ ಹೊರಡದಿದ್ದರೆ ಇವತ್ತು ಹೊರಡೋದಿಲ್ಲ.

ಜಡ್ಜು ಕನ್ನಡಕ ತೆಗೆದ. ಬಹಳ ವಿಷಾದ ಅಂದ. ಮನಸಾರೆ ಅಂದನೆನ್ನಿಸುತ್ತದೆ. ಉಳಿದ ಪ್ರಕರಣಗಳು ಬರುವ ತಿಂಗಳಿಗೆ. ಷರತ್ತುಗಳು ಇದ್ದ ಹಾಗೇ.

ವಕೀಲ ಎದ್ದು ಏನೋ ಅನ್ನಲು ಹೋದ. ಜಡ್ಜು ಕೈ ಎತ್ತಿದ. ವಕೀಲ ಕೂತ. ಕೂತವನು ಫೈಲುಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. ಸ್ನೋಮೊಬೈಲಿನದೂ ಅವಳದೂ ಒಂದರ ಮೇಲೊಂದು.

ಜೆಮೈಮಾಳ ಬಾಯಲ್ಲಿ ತಪ್ಪೊಪ್ಪಿಗೆ ಹಾಗೇ ಇತ್ತು. ಮಾನ ಬಿಟ್ಟು ಬಾಯಿಗೆ ತಂದುಕೊಂಡಿದ್ದಳು. ಅದನ್ನು ಇಸಿದುಕೊಳ್ಳಲೂ ಇವರಿಗೆ ಪುರಸೊತ್ತಿಲ್ಲ.

ಅವಳು ತಿರುಗಿದಳು. ಬಾಗಿಲ ಕಡೆಗಲ್ಲ. ಆಟದ ಗೆರೆಗಳನ್ನು ತುಳಿದು, ಹಾಲಿನ ಉದ್ದಕ್ಕೂ, ಮಕ್ಕಳ ಬೆಂಚಿನ ಮುಂದಿನಿಂದಲೇ ನಡೆದಳು. ಯಾರಿಗೂ ಮೊದಲು ತಿಳಿಯಲಿಲ್ಲ. ಪೊಲೀಸ್ ಹುಡುಗ "ಅಮ್ಮಾ, ಆ ಕಡೆ ಬೇಡ" ಅಂದ. ಅವಳು ಒಂದು ಕುರ್ಚಿ ಎಳೆದು ಡೋರ್ಕಸ್‌ಳ ಪಕ್ಕಕ್ಕೆ ಹಾಕಿಕೊಂಡು ಕೂತಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದಿಗೆ ಜಡ್ಜು ತಲೆ ಎತ್ತಿದ.

"ಬಂದೆಯಾ" ಅಂದಳು ಡೋರ್ಕಸ್. "ನಿನ್ನ ನೋಡಿ ನೋಡಿ ಕುತ್ತಿಗೆ ನೋವು ಬಂತು."

"ರೊಟ್ಟಿ ತಿನ್ನಲಿಲ್ಲ ನೀನು."

"ನಿನಗೆ ಅಂತ ಇಟ್ಕೊಂಡೆ."

ಜಡ್ಜು ಹ್ಯಾರಿಯೆಟ್‌ಳನ್ನು ಕರೆದು, ಆ ಹೆಂಗಸು ಏನು ಮಾಡುತ್ತಿದ್ದಾಳೆ, ಆಣತಿ ಅವಳಿಗೆ ಅರ್ಥವಾಗಿದೆಯೇ ಅಂತ ಕೇಳಿಸಿದ.

"ಅರ್ಥ ಆಗಿದೆ" ಅಂದಳು ಜೆಮೈಮಾ, ಕೂತಲ್ಲಿಂದಲೇ. "ಅಕ್ಕನ ಪಕ್ಕ ಕೂತಿದ್ದೀನಿ. ಮಾತಾಡಿದ್ದೀನಿ. ಈಗ ರೊಟ್ಟಿ ತಿಂತೀನಿ. ಇದು ಅಪರಾಧ ಅಂತ ನೀವೇ ಹೇಳಿದ್ದು. ಹಿಡ್ಕೊಂಡ್ ಹೋಗಿ."

ಹ್ಯಾರಿಯೆಟ್ ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದಳು. ರೊಟ್ಟಿಯನ್ನೂ ಬಿಡಲಿಲ್ಲ.

ಕೋರ್ಟಿನ ಕಣ್ಣೆದುರೇ ಕೋರ್ಟಿನ ಆಣತಿ ಮುರಿದಿತ್ತು. ಮಕ್ಕಳು ನೋಡುತ್ತಿದ್ದರು. ಪೊಲೀಸ್ ಹುಡುಗ ಸೊಂಟದ ಪಟ್ಟಿಗೆ ಕೈ ಇಟ್ಟು ಜಡ್ಜನ್ನು ನೋಡಿದ. ಜಡ್ಜು ಸರ್ಕಾರಿ ವಕೀಲನನ್ನು ನೋಡಿದ. ಬಂಧಿಸಿದರೆ ಬೀಗದೊಳಗೆ ಇಡಬೇಕು. ಊರಿನ ಲಾಕಪ್ಪಿನ ಒಲೆ ಕೆಟ್ಟು ತಿಂಗಳಾಗಿತ್ತು. ವಿಮಾನದಲ್ಲೇ ಒಯ್ಯಬೇಕು.

"ಸೀಟಿಲ್ಲ" ಅಂದ ಪೈಲಟ್ಟು ಬಾಗಿಲಿನಿಂದ, ಯಾರೂ ಕೇಳದೆಯೇ. "ಒಬ್ಬರನ್ನ ಹತ್ತಿಸಿದ್ರೆ ನಿಮ್ಮಲ್ಲಿ ಒಬ್ಬರು ಇಲ್ಲೇ ಉಳೀಬೇಕು. ಮಂಜು ಕರಗೋತನಕ."

ಆಗ ಕೋರ್ಟು ತನ್ನನ್ನು ತಾನು ನೋಡಿಕೊಂಡಿತು. ಜಡ್ಜು ವಕೀಲರನ್ನು, ವಕೀಲರು ಗುಮಾಸ್ತೆಯನ್ನು, ಗುಮಾಸ್ತೆ ನೆಲವನ್ನು. ವಾಪೂಸಿನಲ್ಲಿ ಉಳಿಯುವುದು. ಇಲ್ಲಿಯ ನೀರು ಕುದಿಸಿ ಕುಡಿಯುವುದು. ಯಾರದೋ ಮನೆಯ ನೆಲದ ಮೇಲೆ ಮಲಗುವುದು. ರಾಜಧಾನಿಯ ಒಂಬತ್ತು ಮಂದಿ ಹೇಳಿದ್ದರೂ ಅಷ್ಟು ಬೇಗ ಆಗುತ್ತಿರಲಿಲ್ಲ. ಸರ್ಕಾರಿ ವಕೀಲ ಎದ್ದು ನಿಂತು, ಮಾನವೀಯ ನೆಲೆಯಲ್ಲಿ ಷರತ್ತುಗಳನ್ನು ತೆಗೆಯಲು ಸರ್ಕಾರದ ತಕರಾರಿಲ್ಲ ಅಂದ. ಬಡವರ ವಕೀಲ ಕುರ್ಚಿಯಿಂದ ಅರ್ಧ ಎದ್ದು ತನ್ನದೂ ಇಲ್ಲ ಅಂದ. ಆಗಲಿ ಅಂದ ಜಡ್ಜು. ಗುಮಾಸ್ತೆ ಬರೆದುಕೊಂಡಳು. ಮೊಕದ್ದಮೆ ಹಾಗೇ ಇರುತ್ತದೆ, ಐವತ್ತು ಮೀಟರು ಮಾತ್ರ ಇಲ್ಲ.

ಅಷ್ಟೇ. ಒಂದು ಚಳಿಗಾಲ ಪೂರ್ತಿ ಆಗದ್ದು, ಡೋರ್ಕಸ್ ರೊಟ್ಟಿ ಮುರಿದು ಅರ್ಧ ಕೊಡುವುದರೊಳಗೆ ಆಯಿತು.

ಜಡ್ಜಿಗೆ ಮಾತ್ರ ಹಾಗೇ ಹೋಗಲು ಮನಸ್ಸಾಗಲಿಲ್ಲ. ಕೋಟು ಹಾಕಿಕೊಳ್ಳುತ್ತಾ ಬೆಂಚಿನ ಕಡೆ ತಿರುಗಿ, ನೋಡಿದಿರಾ ಮಕ್ಕಳೇ, ಕಾನೂನಿಗೂ ಹೃದಯ ಇರುತ್ತದೆ, ಕೋರ್ಟು ಕಿವಿಗೊಟ್ಟು ಕೇಳುತ್ತದೆ ಅಂದ. ಪ್ರೂಯಿಟ್ ಮಾಸ್ತರು ತಲೆದೂಗಿದರು.

ಏನಂದ ಅಂತ ಜೆಮೈಮಾ ಕೇಳಿದಳು. ಹ್ಯಾರಿಯೆಟ್ ಹೇಳಿದಳು.

"ಸುಳ್ಳು ಅಂತ ಹೇಳು" ಅಂದಳು ಜೆಮೈಮಾ. "ಸೀಟಿರಲಿಲ್ಲ, ಅದಕ್ಕೆ ಬಿಟ್ರು ಅಂತ ಹೇಳು. ಅವನಿಗಲ್ಲ. ಮಕ್ಕಳಿಗೆ."

ಹ್ಯಾರಿಯೆಟ್‌ಗೆ ಸಂಬಳ ಕೊಡುವುದು ಕೋರ್ಟು. ಅವಳು ಜಡ್ಜನ್ನು ನೋಡಿದಳು. ಚಿಕ್ಕತ್ತೆಯನ್ನು ನೋಡಿದಳು. ಆಮೇಲೆ ಬೆಂಚಿನತ್ತ ತಿರುಗಿ ಮೊದಲು ಕ್ರೀ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ ಹೇಳಿದಳು. ಟೆಸ್ಸಾ ಪುಸ್ತಕ ಮುಚ್ಚಿದಳು. ಜಡ್ಜಿನ ಹುಬ್ಬು ಮೇಲೇರಿತು. ಕೋರ್ಟಿನ ನಿಂದನೆ ಅನ್ನಬಹುದಿತ್ತು. ಅದಕ್ಕೂ ಒಂದು ಸೀಟು ಬೇಕಿತ್ತು.

ಹೊರಗೆ ವಿಮಾನದ ಎಂಜಿನು ಶುರುವಾಯಿತು. ಗುಮಾಸ್ತೆ ಪೆಟ್ಟಿಗೆಗೆ ಬೀಗ ಹಾಕಿ, ಕೋರ್ಟು ಏಳುತ್ತಿದೆ, ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೂಗಿದಳು. ಬೆಂಚುಗಳಲ್ಲಿ ಕೆಲವರು ಎದ್ದರು, ಕೆಲವರು ಅರ್ಧ ಎದ್ದು ನಿಂತರು. ಡೋರ್ಕಸ್‌ಗೆ ಅಭ್ಯಾಸ. ಪಾದ್ರಿಗೆ, ಪೊಲೀಸಿಗೆ, ನರ್ಸಿಗೆ, ಬಾವುಟಕ್ಕೆ ಜೀವಮಾನವಿಡೀ ಎದ್ದವಳು. ಒಂದು ಕೈ ಹೊಟ್ಟೆಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಕುರ್ಚಿಗೆ ಊರಿ, ನರಳುತ್ತಾ ಏಳಲು ಹೋದಳು.

ಜೆಮೈಮಾ ಅವಳ ಹೆಗಲ ಮೇಲೆ ಕೈ ಇಟ್ಟಳು. ತೊಗಲು ಹಿಂಡಿದ ಕೈ. ಒತ್ತಿ ಕೂರಿಸಿದಳು.

"ಕೂತ್ಕೋ ಅಕ್ಕ" ಅಂದಳು. "ಹೋಗ್ತಿರೋರು ಅವರು."